ಮುಂದೂಡುವುದು, ತಲೆಬಾಗುವುದು: ಡಿಫರ್ಡ್ ಕಾಂಪೆನ್ಸೇಶನ್ ಫಾರಂ ತುಂಬುವ ಮೊದಲು

ನವೆಂಬರ್ ಬಂತು ಅಂದರೆ ನನ್ನ ವಾಟ್ಸಾಪ್‌ಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದು, ಕನ್ನಡ ಕೂಟದ ರಾಜ್ಯೋತ್ಸವದ ಫೋಟೋಗಳು. ಇನ್ನೊಂದು, "ಓಪನ್ ಎನ್‌ರೋಲ್‌ಮೆಂಟ್ ಶುರುವಾಗಿದೆ, ಏನು ಟಿಕ್ ಮಾಡ್ಲಿ?" ಎರಡನೆಯದಕ್ಕೆ ಸಾಮಾನ್ಯವಾಗಿ ಹಳೆಯ ಪೋಸ್ಟಿನ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ. ಈ ಸಲ ಹಾಗೆ ಮಾಡಲಾಗಲಿಲ್ಲ.

ಕೇಳಿದವನು ನನ್ನ ಇಂಜಿನಿಯರಿಂಗ್ ಕಾಲದ ರೂಮ್‌ಮೇಟ್. ಈಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಹುದ್ದೆ. ಅವನ ಕಂಪನಿ ಈ ವರ್ಷ ಅವನನ್ನು ಡಿಫರ್ಡ್ ಕಾಂಪೆನ್ಸೇಶನ್ ಪ್ಲಾನಿಗೆ ಸೇರಿಸಿಕೊಂಡಿದೆ. ಬೋನಸ್ಸಿನಲ್ಲಿ ಒಂದು ಭಾಗವನ್ನು ಈಗ ತೆಗೆದುಕೊಳ್ಳದೆ, ಕೆಲಸ ಬಿಟ್ಟ ಮೇಲೆ ಕಂತಿನಲ್ಲಿ ತೆಗೆದುಕೊಳ್ಳಬಹುದು. ತೆರಿಗೆಯೂ ಆಗಲೇ. ನಾಲ್ಕು ವರ್ಷಕ್ಕೆ ಮೈಸೂರಿಗೆ ವಾಪಸ್ ಹೋಗುವ ಯೋಚನೆ ಅವನದು, ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಫೋನಿನಲ್ಲಿ ಎಲ್ಲ ಹೇಳಿ ಮುಗಿಸಿ, "ನಂಗೆ ಇದೆಲ್ಲ ತಲೆಗೆ ಹೋಗಲ್ಲ ಮಾರಾಯ. ನೀನು ಎಂಬಿಎ ಮಾಡಿದೋನು. ಎಷ್ಟು ಪರ್ಸೆಂಟ್, ಎಷ್ಟು ವರ್ಷ, ಎರಡು ನಂಬರ್ ಹೇಳು ಸಾಕು, ಹಾಕಿಬಿಡ್ತೀನಿ" ಅಂದ.

ಇಂಗ್ಲಿಷಿನಲ್ಲಿ 'ಡಿಫರ್' ಎಂಬ ಪದಕ್ಕೆ ಎರಡು ಅರ್ಥ. ಒಂದು, ಮುಂದೂಡುವುದು. ಇನ್ನೊಂದು, ಬೇರೆಯವರ ತೀರ್ಮಾನಕ್ಕೆ ತಲೆಬಾಗುವುದು. ಕೇಳಲು ಒಂದೇ ಪದ, ಆದರೆ ಮೂಲ ಬೇರೆ. ಮೊದಲನೆಯದು ಲ್ಯಾಟಿನ್ನಿನ 'ಡಿಫೆರ್ರೆ'ಯಿಂದ ಬಂದದ್ದು ('ಡಿಫರೆಂಟ್' ಕೂಡ ಅದರ ಸಂಬಂಧಿ), ಎರಡನೆಯದು 'ಡೆಫೆರ್ರೆ'ಯಿಂದ. ಕನ್ನಡದಲ್ಲಿ ಈ ಗೊಂದಲ ಇಲ್ಲ, ನಮಗೆ ಎರಡಕ್ಕೂ ಬೇರೆ ಬೇರೆ ಮಾತಿದೆ. ಆದರೆ ನನ್ನ ಗೆಳೆಯ ಆ ದಿನ ಫೋನಿನಲ್ಲಿ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದ. ಹಣವನ್ನು ಹತ್ತು ಹದಿನಾಲ್ಕು ವರ್ಷ ಮುಂದಕ್ಕೆ ಹಾಕುವ ತೀರ್ಮಾನವನ್ನು ನನ್ನ ತಲೆಗೆ ಕಟ್ಟುತ್ತಿದ್ದ. ನಾನು ತಕ್ಷಣ ಒಪ್ಪಲಿಲ್ಲ. ಯಾಕೆ ಅಂದರೆ ಹದಿನೇಳು ವರ್ಷದ ಹಿಂದೆ ನಾನೂ ಹೀಗೇ ಒಬ್ಬರ ಮಾತು ಕೇಳಿದ್ದೆ.

2008ರ ಆಗಸ್ಟಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು, ನ್ಯೂಜೆರ್ಸಿಯಲ್ಲಿ. ಸಂಬಳ ವರ್ಷಕ್ಕೆ 80,000 ಡಾಲರ್. ಒಂದು ತಿಂಗಳೊಳಗೆ ಲೆಹ್ಮನ್ ಬ್ರದರ್ಸ್ ಮುಳುಗಿತು, ಆ ಭಯ ಬೇರೆ. ಎಚ್‌ಆರ್‌ನವರು ಕೊಟ್ಟ ಕವರಿನಲ್ಲಿ 401(ಕೆ) ಫಾರಂ ಇತ್ತು. ಸಂಬಳದ ಶೇ. 4ರವರೆಗೆ ನಾನು ಎಷ್ಟು ಹಾಕುತ್ತೇನೋ ಕಂಪನಿಯೂ ಅಷ್ಟೇ ಹಾಕುತ್ತದೆ. ಎಂಬಿಎ ಮುಗಿಸಿ ಬಂದವನಿಗೆ ಇದರಲ್ಲಿ ಯೋಚನೆ ಮಾಡಲು ಏನಿದೆ? ಆದರೂ ನಾನು ಫಾರಂ ತುಂಬುವ ಮೊದಲು ನಮ್ಮ ಕನ್ನಡ ಕೂಟದ ಹಿರಿಯರೊಬ್ಬರನ್ನು ಕೇಳಿದೆ. ನಾನು ವಿದ್ಯಾರ್ಥಿಯಾಗಿ ಬಂದಿಳಿದಾಗ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವರು ಅವರು. ಮೊದಲ ವಾರ ಅವರ ಮನೆಯಲ್ಲೇ ಊಟ. ಎಂಬತ್ತರ ದಶಕದಲ್ಲಿ ಬಂದವರು, ಎಲ್ಲ ಕಂಡವರು.

"ಐದು ವರ್ಷಕ್ಕೆ ವಾಪಸ್ ಹೋಗ್ತೀನಿ ಅಂತೀಯಲ್ಲ, ನಿನಗ್ಯಾಕೆ ತಮ್ಮಾ ಇದು? ಅರವತ್ತಾಗೋವರೆಗೂ ತೆಗೆಯೋಕಾಗಲ್ಲ. ತೆಗೆದ್ರೆ ಶೇಕಡಾ ಹತ್ತು ದಂಡ. ಸುಮ್ನೆ ಕೈಗೆ ಬಂದ ದುಡ್ಡು ಊರಿಗೆ ಕಳಿಸು, ಸೈಟ್ ತಗೋ" ಅಂದರು.

"ಸರಿ ಅಂಕಲ್" ಅಂದೆ. ಆರು ವರ್ಷ 401(ಕೆ)ಗೆ ಒಂದು ಡಾಲರೂ ಹಾಕಲಿಲ್ಲ.

ಈಗ ಲೆಕ್ಕ ನೋಡಿ. ಶೇ. 4 ಅಂದರೆ ವರ್ಷಕ್ಕೆ 3,200 ಡಾಲರ್ ಕಂಪನಿಯ ದುಡ್ಡು. ಆರು ವರ್ಷಕ್ಕೆ 19,200. ಸಂಬಳ ಏರಿದ್ದನ್ನು ಬಿಟ್ಟರೂ, ವರ್ಷಕ್ಕೆ ಶೇ. 7 ಬೆಳವಣಿಗೆ ಹಿಡಿದರೆ ಇಂದಿಗೆ ಸುಮಾರು 48,000 ಡಾಲರ್. ಇದು ಕಂಪನಿಯ ಪಾಲು ಮಾತ್ರ, ನನ್ನ ಪಾಲು ಬೇರೆ. ಎಸ್ ಆಂಡ್ ಪಿ 500 ಸೂಚ್ಯಂಕ 676ಕ್ಕೆ ಬಿದ್ದಿದ್ದು 2009ರ ಮಾರ್ಚ್ 9ರಂದು. ಆ ತಿಂಗಳೂ ನನ್ನ ಪೇಚೆಕ್‌ನಿಂದ ಏನೂ ಹೋಗಲಿಲ್ಲ.

ಇನ್ನೂ ಬೇಸರದ ಸಂಗತಿ ಏನೆಂದರೆ, ಅವರ ವಾದ ಅವರ ಲೆಕ್ಕದಲ್ಲೇ ನಿಲ್ಲುತ್ತಿರಲಿಲ್ಲ. ನಾನು 100 ಹಾಕಿದೆ, ಕಂಪನಿ 100 ಹಾಕಿತು, ವೆಸ್ಟಿಂಗ್ ಮುಗಿದ ಮೇಲೆ 59½ಕ್ಕೆ ಮೊದಲೇ ತೆಗೆದೆ ಅಂತಲೇ ಇಟ್ಟುಕೊಳ್ಳಿ. ಶೇ. 25 ತೆರಿಗೆ, ಶೇ. 10 ದಂಡ. 200ರಲ್ಲಿ ಕೈಗೆ 130. ಹಾಕದೇ ಸಂಬಳವಾಗಿ ತೆಗೆದುಕೊಂಡಿದ್ದರೆ 100ಕ್ಕೆ 75. ದಂಡ ಕಟ್ಟಿಯೂ 55 ಹೆಚ್ಚು. ಈ ಲೆಕ್ಕ ಮಾಡಲು ಎಂಬಿಎ ಬೇಕಿಲ್ಲ, ಒಂದು ಪೇಪರ್ ನ್ಯಾಪ್‌ಕಿನ್ ಸಾಕು. ನಾನು ಮಾಡಲಿಲ್ಲ. ಅವರನ್ನು ಪ್ರಶ್ನಿಸಿದ ಹಾಗಾಗುತ್ತದಲ್ಲ ಎಂಬ ಸಂಕೋಚ. ಅವರ ಮನೆಯ ಅನ್ನದ ಋಣ ನನ್ನ ಮೇಲಿತ್ತು. ಅದನ್ನು ನಾನು ನನ್ನ 401(ಕೆ)ಯಿಂದ ತೀರಿಸಿದೆ, ಅವರಿಗೆ ಅದರಿಂದ ಮೂರು ಕಾಸಿನ ಉಪಯೋಗವೂ ಆಗಲಿಲ್ಲ.

ಬಹಳ ವರ್ಷದ ನಂತರ ಒಂದು ಗಣೇಶನ ಹಬ್ಬದ ದಿನ ಊಟಕ್ಕೆ ಕೂತಾಗ ತಮಾಷೆಗೆ ಈ ಮಾತು ತೆಗೆದೆ. "ನೀವು 401(ಕೆ) ಹಾಕಿರಲಿಲ್ವಾ ಅಂಕಲ್?" ಅವರು ಆಶ್ಚರ್ಯದಿಂದ ನೋಡಿದರು. "ನಾನು ಮೊದಲಿನಿಂದಲೂ ಮ್ಯಾಕ್ಸಿಮಮ್ ಹಾಕ್ತಿದ್ದೆ. ನಾನು ವಾಪಸ್ ಹೋಗೋನಲ್ಲ ಅಂತ ನಂಗೆ ಗೊತ್ತಿತ್ತಲ್ಲ. ನೀನು ಐದು ವರ್ಷಕ್ಕೆ ಹೋಗ್ತೀನಿ ಅಂದೆ, ಅದಕ್ಕೇ ಹಾಗೆ ಹೇಳ್ದೆ."

ನಾನು ಅವರ ಅನುಭವಕ್ಕೆ ತಲೆಬಾಗಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನ ಮಾತಿಗೆ ತಲೆಬಾಗಿ ಸಲಹೆ ಕೊಟ್ಟಿದ್ದರು. ಆ 'ಐದು ವರ್ಷ' ಎನ್ನುವುದೋ, ನಾನೇ ಯಾವತ್ತೂ ಕೂತು ಯೋಚಿಸಿದ ಸಂಗತಿಯಲ್ಲ, ಎಲ್ಲರೂ ಹೇಳುತ್ತಾರೆ ಅಂತ ಹೇಳಿದ್ದು. ಗ್ರೀನ್ ಕಾರ್ಡ್ ಸಾಲಿನಲ್ಲಿ ಪ್ರಯಾರಿಟಿ ಡೇಟ್ ನೋಡುತ್ತಾ ಕೂತವರಿಗೆ ಇದು ಗೊತ್ತಿರುತ್ತದೆ. ವಾಪಸ್ ಹೋಗುವುದನ್ನೂ ಮುಂದೂಡುತ್ತೇವೆ, ಇಲ್ಲೇ ಇರುತ್ತೇವೆ ಅಂತ ಒಪ್ಪಿಕೊಳ್ಳುವುದನ್ನೂ ಮುಂದೂಡುತ್ತೇವೆ.

ಇರಲಿ, ವಿಷಯಕ್ಕೆ ಬರೋಣ. ತೆರಿಗೆ ಮುಂದೂಡಿದರೆ ನಿಜಕ್ಕೂ ಏನು ಸಿಗುತ್ತದೆ? ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಮೊದಲು ಸುಲಭದ ಉದಾಹರಣೆ. ನಿಮ್ಮ ಹತ್ತಿರ 1,00,000 ಡಾಲರ್ ಇದೆ, 25 ವರ್ಷ ಶೇ. 7ರ ಬೆಳವಣಿಗೆ. ಪ್ರತಿ ವರ್ಷ ಬಂದ ಲಾಭಕ್ಕೆ ಆಗಲೇ ಶೇ. 24 ತೆರಿಗೆ ಕಟ್ಟಿದರೆ ಕೈಗೆ ನಿಲ್ಲುವ ದರ ಶೇ. 5.32. ಕೊನೆಗೆ ಸುಮಾರು 3,65,400. ಅದೇ ತೆರಿಗೆಯನ್ನು ಅದೇ ಶೇ. 24ರ ದರದಲ್ಲಿ, ಆದರೆ 25ನೇ ವರ್ಷದ ಕೊನೆಗೆ ಒಂದೇ ಸಲ ಕಟ್ಟಿದರೆ? ಹಣ 5,42,740 ಆಗಿರುತ್ತದೆ, ಲಾಭದ ಮೇಲಿನ ತೆರಿಗೆ ಕಳೆದು ಸುಮಾರು 4,36,500. ದರ ಅದೇ, ಬೆಳವಣಿಗೆ ಅದೇ. 71,000 ಡಾಲರ್ ವ್ಯತ್ಯಾಸ ಬಂದದ್ದು ಕಾಲದಿಂದ ಮಾತ್ರ. ಸರ್ಕಾರಕ್ಕೆ ಕೊಡಬೇಕಾದ ದುಡ್ಡು ನಿಮ್ಮ ಹತ್ತಿರವೇ ಬಡ್ಡಿಯಿಲ್ಲದ ಸಾಲವಾಗಿ ದುಡಿಯಿತು.

ಈ ಬಡ್ಡಿಯಿಲ್ಲದ ಸಾಲ ಎಲ್ಲ ಕಡೆ ಸಿಗುವುದಿಲ್ಲ ಎನ್ನುವುದಕ್ಕೆ ಒಂದು ಸಣ್ಣ ಎಚ್ಚರಿಕೆ. ಅಮೆರಿಕದ ತೆರಿಗೆದಾರರಾಗಿದ್ದುಕೊಂಡು ಭಾರತದ ಮ್ಯೂಚುವಲ್ ಫಂಡ್ ಇಟ್ಟುಕೊಂಡವರಿಗೆ 1986ರ ಕಾನೂನಿನಲ್ಲಿ ಬಂದ 'ಪಿಫಿಕ್' ನಿಯಮ ಅನ್ವಯಿಸುತ್ತದೆ. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ, ಮಾರಿದಾಗ ಬಂದ ಲಾಭವನ್ನು ಹಿಂದಿನ ವರ್ಷಗಳಿಗೆಲ್ಲ ಹಂಚಿ, ಆಯಾ ವರ್ಷದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಾಕಿ, ಅದರ ಮೇಲೆ ಬಡ್ಡಿಯನ್ನೂ ಕೇಳುತ್ತಾರೆ. ನೀವು ಮುಂದೂಡಿದ ಅಷ್ಟೂ ಕಾಲಕ್ಕೆ ಬಾಡಿಗೆ ವಸೂಲಿ. ಊರಲ್ಲಿ ಅಪ್ಪ ಪ್ರೀತಿಯಿಂದ ನಿಮ್ಮ ಹೆಸರಿನಲ್ಲಿ ಮಾಡಿಸಿಟ್ಟ ಎಸ್‌ಐಪಿ ಇದ್ದರೆ ಫಾರಂ 8621 ಅಂದರೇನು ಅಂತ ಈ ವಾರವೇ ನಿಮ್ಮ ಸಿಪಿಎಯನ್ನು ಕೇಳಿ.

ಈಗ 401(ಕೆ)ಗೆ. "ಟ್ರೆಡಿಷನಲ್ ಹಾಕಿದರೆ ತೆರಿಗೆ ಮುಂದೂಡುತ್ತದೆ, ಆದ್ದರಿಂದ ರಾತ್‌ಗಿಂತ ಲಾಭ" ಅಂತ ಹೇಳುವವರು ಸಿಗುತ್ತಾರೆ. ಲೆಕ್ಕ ಹಾಗಿಲ್ಲ. 10,000 ಡಾಲರ್ ಸಂಬಳ, ಶೇ. 24 ದರ, ಇಪ್ಪತ್ತು ವರ್ಷದಲ್ಲಿ ಹಣ ನಾಲ್ಕು ಪಟ್ಟು. ಟ್ರೆಡಿಷನಲ್‌ನಲ್ಲಿ ಪೂರ್ತಿ 10,000 ಹೋಗಿ 40,000 ಆಗುತ್ತದೆ, ತೆಗೆಯುವಾಗ ಶೇ. 24 ಕಟ್ಟಿದರೆ 30,400. ರಾತ್‌ನಲ್ಲಿ ಮೊದಲೇ ತೆರಿಗೆ ಕಟ್ಟಿ 7,600 ಹೋಗುತ್ತದೆ, ನಾಲ್ಕು ಪಟ್ಟು ಆದರೆ ಅದೇ 30,400. ಒಂದು ಸೆಂಟ್ ವ್ಯತ್ಯಾಸವಿಲ್ಲ. ವರ್ಷ ವರ್ಷದ ಲಾಭಕ್ಕೆ ತೆರಿಗೆ ಇಲ್ಲದಿರುವ ಅನುಕೂಲ ಎರಡಕ್ಕೂ ಇದೆ. ಇವೆರಡರ ನಡುವೆ ಆಯ್ಕೆ ಮಾಡುವಾಗ ಉಳಿಯುವ ಪ್ರಶ್ನೆ ಒಂದೇ: ಇವತ್ತಿನ ನಿಮ್ಮ ದರ ಹೆಚ್ಚೋ, ಹಣ ತೆಗೆಯುವ ದಿನದ ದರ ಹೆಚ್ಚೋ?

ಅದಕ್ಕೆ ಉತ್ತರ ಬೇಕಾದರೆ ಆ ದಿನ ನೀವು ಎಲ್ಲಿರುತ್ತೀರಿ, ಏನು ಮಾಡುತ್ತಿರುತ್ತೀರಿ ಅಂತ ಗೊತ್ತಿರಬೇಕು. ನಾನು ಎಷ್ಟೇ ಸ್ಪ್ರೆಡ್‌ಶೀಟ್ ಮಾಡಿದರೂ ಅದು ನನಗೆ ಗೊತ್ತಾಗುವ ಸಂಗತಿಯಲ್ಲ.

ಗೆಳೆಯನ ಪ್ಲಾನಿಗೆ ಬರುತ್ತೇನೆ. ಇದು 401(ಕೆ) ಅಲ್ಲ. ಹೆಸರಿನಲ್ಲೇ 'ನಾನ್‌ಕ್ವಾಲಿಫೈಡ್' ಅಂತ ಇದೆ. 401(ಕೆ)ಯಲ್ಲಿ ಹಾಕಿದ ಹಣ ಪ್ರತ್ಯೇಕ ಟ್ರಸ್ಟಿನಲ್ಲಿರುತ್ತದೆ, ಕಂಪನಿ ಮುಳುಗಿದರೂ ಅದರ ಸಾಲಗಾರರು ಮುಟ್ಟುವಂತಿಲ್ಲ. ನಾನ್‌ಕ್ವಾಲಿಫೈಡ್ ಪ್ಲಾನಿನಲ್ಲಿ ನಿಮ್ಮದು ಅಂತ ಒಂದು ಖಾತೆಯೇ ಇಲ್ಲ. ವೆಬ್‌ಸೈಟಿನಲ್ಲಿ ಬ್ಯಾಲೆನ್ಸ್ ತೋರಿಸುತ್ತಾರೆ, ಫಂಡ್ ಆಯ್ಕೆ ಮಾಡಲು ಬಿಡುತ್ತಾರೆ, ಗ್ರಾಫ್ ಬರುತ್ತದೆ. ಅದೆಲ್ಲ ಲೆಕ್ಕದ ಪುಸ್ತಕ. ವಾಸ್ತವದಲ್ಲಿ ಇರುವುದು ಕಂಪನಿ ಕೊಟ್ಟ ಮಾತು ಮಾತ್ರ. ಕಂಪನಿ ದಿವಾಳಿಯಾದರೆ ನೀವು ಯಾವ ಅಡಮಾನವೂ ಇಲ್ಲದ ಸಾಮಾನ್ಯ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕು.

ಕೆಲವು ಕಂಪನಿಗಳು "ನಮ್ಮಲ್ಲಿ ರಬ್ಬೈ ಟ್ರಸ್ಟ್ ಇದೆ" ಅನ್ನುತ್ತವೆ. ಹೆಸರು ತಮಾಷೆಯಾಗಿದೆ. ಒಬ್ಬ ಯಹೂದಿ ಧರ್ಮಗುರುವಿಗೆ ಅವರ ಸಭೆಯವರು ಹೀಗೆ ಹಣ ತೆಗೆದಿಟ್ಟಾಗ, ತೆರಿಗೆ ಈಗಲೇ ಬೇಕಿಲ್ಲ ಅಂತ ಐಆರ್‌ಎಸ್ 1980ರಲ್ಲಿ ಹೇಳಿತು, ಅಲ್ಲಿಂದ ಬಂದ ಹೆಸರು. ಕಂಪನಿಯವರು ಮನಸ್ಸು ಬದಲಿಸಿ ಹಣ ವಾಪಸ್ ತೆಗೆದುಕೊಳ್ಳದ ಹಾಗೆ ಅದು ಕಾಯುತ್ತದೆ. ದಿವಾಳಿಯಿಂದ ಕಾಯುವುದಿಲ್ಲ. ಹಾಗೆ ಕಾಯುವಂತೆ ಮಾಡಿದರೆ ತೆರಿಗೆ ಮುಂದೂಡುವ ಅವಕಾಶವೇ ಹೋಗುತ್ತದೆ. ಅಂದರೆ ಅಪಾಯ ಇರುವುದರಿಂದಲೇ ತೆರಿಗೆಯ ಅನುಕೂಲ ಇದೆ.

ಎನ್‌ರಾನ್ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಸ್ವಲ್ಪ ಮೊದಲು ಕೆಲವು ಅಧಿಕಾರಿಗಳು ತಮ್ಮ ಡಿಫರ್ಡ್ ಹಣವನ್ನು ಅವಧಿಗೆ ಮುನ್ನ ಪಡೆದುಕೊಂಡರು, ಉಳಿದವರು ಕಾದು ನಿಂತರು. ಆ ಹಗರಣದ ಬಿಸಿಯಲ್ಲೇ 2004ರಲ್ಲಿ 409ಎ ಸೆಕ್ಷನ್ ಬಂತು. ಇದು ಕಟ್ಟುನಿಟ್ಟಿನ ಕಾನೂನು. ಬರುವ ವರ್ಷ ದುಡಿಯುವ ಹಣವನ್ನು ಮುಂದೂಡಬೇಕಾದರೆ ಸಾಮಾನ್ಯವಾಗಿ ಈ ವರ್ಷವೇ ಬರೆದುಕೊಡಬೇಕು. ಯಾವಾಗ, ಎಷ್ಟು ಕಂತಿನಲ್ಲಿ ಎನ್ನುವುದನ್ನೂ ಆಗಲೇ ಹೇಳಬೇಕು. ಆಮೇಲೆ "ಮಗಳ ಕಾಲೇಜು ಫೀಸ್ ಇದೆ, ಮೊದಲೇ ಕೊಡಿ" ಅಂದರೆ ಆಗುವುದಿಲ್ಲ. ಇನ್ನೂ ಮುಂದಕ್ಕೆ ಹಾಕಬೇಕಾದರೆ ಒಂದು ವರ್ಷ ಮೊದಲೇ ಹೇಳಬೇಕು, ಕನಿಷ್ಠ ಐದು ವರ್ಷ ತಳ್ಳಬೇಕು. ನಿಯಮ ಮುರಿದರೆ ಮಾಮೂಲು ತೆರಿಗೆಯ ಮೇಲೆ ಶೇ. 20 ಹೆಚ್ಚುವರಿ ತೆರಿಗೆ, ಬಡ್ಡಿ. ಅದನ್ನು ಕಟ್ಟುವವರು ನೀವು, ಕಂಪನಿಯಲ್ಲ.

ಇಲ್ಲಿ ಮಾರ್ಷ್‌ಮೆಲ್ಲೋ ಪ್ರಯೋಗ ನೆನಪಾಗುತ್ತದೆ. ಒಂದು ಮಿಠಾಯಿ ಈಗಲೇ ತಿನ್ನುತ್ತೀಯೋ, ಕಾದು ಎರಡು ತಿನ್ನುತ್ತೀಯೋ ಅಂತ ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಮಕ್ಕಳನ್ನು ಕೇಳಿದ್ದು. ನಮ್ಮ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲೂ ಓಡಾಡುವ ಕಥೆ, ಕಾಯುವವರು ಉದ್ಧಾರವಾಗುತ್ತಾರೆ ಅಂತ. ನನಗೆ ಅದಕ್ಕಿಂತ ಇಷ್ಟವಾದದ್ದು ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಮಿಠಾಯಿಗೆ ಮೊದಲು ಮಕ್ಕಳಿಗೆ ಬೇರೆ ಮಾತು ಕೊಟ್ಟರು, ಒಳ್ಳೆಯ ಬಣ್ಣದ ಪೆನ್ಸಿಲ್ ತಂದುಕೊಡುತ್ತೇವೆ ಅನ್ನುವ ಥರದ್ದು. ಅರ್ಧ ಮಕ್ಕಳಿಗೆ ಮಾತು ಉಳಿಸಿಕೊಂಡರು, ಇನ್ನರ್ಧಕ್ಕೆ ಕೈ ಕೊಟ್ಟರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮೋಸಹೋದ ಮಕ್ಕಳು 3 ನಿಮಿಷ. ಬೇಗ ತಿಂದ ಮಗು ದಡ್ಡ ಅಲ್ಲ, ಎದುರಿಗಿರುವವರನ್ನು ಸರಿಯಾಗಿಯೇ ಅಳೆದಿತ್ತು.

ಗೆಳೆಯನಿಗೆ ಮಾಡಿಕೊಟ್ಟ ಲೆಕ್ಕ ಹೀಗಿದೆ. ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ, ಅವನ ಒಪ್ಪಿಗೆ ಇದೆ. ಗಂಡ ಹೆಂಡತಿ ಇಬ್ಬರ ಆದಾಯ ಸೇರಿ 2025ರಲ್ಲಿ ಫೆಡರಲ್ ಶೇ. 32ರ ಬ್ರಾಕೆಟ್‌ಗೆ ಬರುತ್ತಾರೆ (ಜಂಟಿ ರಿಟರ್ನ್‌ಗೆ ತೆರಿಗೆ ಆದಾಯ 3,94,600 ಡಾಲರ್ ದಾಟಿದ ಮೇಲೆ). ಕ್ಯಾಲಿಫೋರ್ನಿಯಾ ಶೇ. 9.3. ಒಟ್ಟು 41.3. ವರ್ಷಕ್ಕೆ 40,000 ಮುಂದೂಡಿದರೆ ನಾಲ್ಕು ವರ್ಷಕ್ಕೆ 1,60,000. ಈಗಲೇ ತೆಗೆದುಕೊಂಡರೆ ತೆರಿಗೆ ಕಳೆದು ಕೈಗೆ 93,920. (ಬೆಳವಣಿಗೆ ಎರಡು ಕಡೆಯೂ ಒಂದೇ ಅಂತ ಬಿಟ್ಟಿದ್ದೇನೆ, ಇಲ್ಲದಿದ್ದರೆ ಓದುವವರಿಗೆ ತಲೆನೋವು.)

ಮುಂದೂಡಿದರೆ? 1996ರ ಒಂದು ಫೆಡರಲ್ ಕಾನೂನಿನ ಪ್ರಕಾರ, ಇಂಥ ಹಣವನ್ನು ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಸರಿಸುಮಾರು ಸಮಾನ ಕಂತಿನಲ್ಲಿ ತೆಗೆದುಕೊಂಡರೆ, ನೀವು ಬಿಟ್ಟುಹೋದ ರಾಜ್ಯ ಅದಕ್ಕೆ ತೆರಿಗೆ ಹಾಕುವಂತಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ 9.3 ಹೋಯಿತು. ಕೆಲಸ ಬಿಟ್ಟ ಮೇಲೆ ಆದಾಯ ಕಡಿಮೆ, ಫೆಡರಲ್ ಶೇ. 12 ಅಂತ ಹಿಡಿದೆ. ಕೈಗೆ 1,40,800. ಕಂಪನಿ ಮುಳುಗಿ ಒಂದು ಡಾಲರೂ ಬರದೇ ಹೋಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ, ಸರಾಸರಿ ಲೆಕ್ಕದಲ್ಲಿ ಮುಂದೂಡುವುದೇ ಸರಿ. ದೊಡ್ಡ ಕಂಪನಿಗೆ ಹದಿನಾಲ್ಕು ವರ್ಷದಲ್ಲಿ ಅಷ್ಟು ಸಂಭವ ಇರಲಿಕ್ಕಿಲ್ಲ. "ಆದಷ್ಟೂ ಹಾಕು, ಹತ್ತು ವರ್ಷದ ಕಂತು" ಅಂತ ಟೈಪ್ ಮಾಡಿ, ಕಳಿಸುವ ಮೊದಲು ಒಂದು ಸಲ ಫೋನ್ ಮಾಡಿದೆ. ಮಾಡಿದ್ದು ಒಳ್ಳೆಯದಾಯಿತು.

"ಶೇಕಡಾ ಹನ್ನೆರಡು ಯಾಕೆ ಹಿಡಿದೆ?" ಅಂದ.

"ಮೈಸೂರಲ್ಲಿ ಆರಾಮಾಗಿ ಇರ್ತೀಯಲ್ಲ."

"ಯಾರು ಹೇಳಿದ್ರು? ನಂಗೆ ಐವತ್ತು ಆಗಿರುತ್ತೆ ಅಷ್ಟೆ. ಕನ್ಸಲ್ಟಿಂಗ್ ಮಾಡ್ತೀನಿ ಕಣೋ. ಇಬ್ಬರ ಹತ್ರ ಮಾತಾಡೂ ಆಗಿದೆ."

ನನ್ನ ಲೆಕ್ಕದ ಬುಡವೇ ಅಲ್ಲಾಡಿತು. ಭಾರತದಲ್ಲಿ ಪೂರ್ಣ ರೆಸಿಡೆಂಟ್ ಆದವನಿಗೆ ಜಗತ್ತಿನ ಎಲ್ಲ ಆದಾಯಕ್ಕೂ ಅಲ್ಲಿ ತೆರಿಗೆ. ಕನ್ಸಲ್ಟಿಂಗ್ ಆದಾಯದ ಮೇಲೆ ಈ ಕಂತು ಬಂದು ಕೂತರೆ, 24 ಲಕ್ಷ ದಾಟಿದ್ದಕ್ಕೆ ಹೊಸ ಪದ್ಧತಿಯಲ್ಲೂ ಶೇ. 30, ಸೆಸ್ ಬೇರೆ. ಅವನು ಅಮೆರಿಕದ ಪ್ರಜೆ, ಇಲ್ಲಿಯೂ ರಿಟರ್ನ್ ಹಾಕಬೇಕು. ಒಂದು ಕಡೆ ಕಟ್ಟಿದ್ದಕ್ಕೆ ಇನ್ನೊಂದು ಕಡೆ ಕ್ರೆಡಿಟ್ ಸಿಕ್ಕರೂ ಕೊನೆಗೆ ತಗಲುವುದು ಎರಡರಲ್ಲಿ ಹೆಚ್ಚಿನ ದರ. ಶೇ. 30 ಹಿಡಿದರೆ ಕೈಗೆ 1,12,000 ಮಾತ್ರ. ತಡೆದುಕೊಳ್ಳಬಹುದಾದ ಅಪಾಯ ಮೂರರಲ್ಲಿ ಒಂದರಿಂದ ಶೇ. 16ಕ್ಕೆ ಇಳಿಯಿತು. ಅವನು ನಾನು ಹೇಳಿದ ಎರಡು ನಂಬರ್ ಹಾಕಿಬಿಟ್ಟಿದ್ದರೆ, ಕಂಪನಿಯ ಕಾನೂನು ಹತ್ತು ವರ್ಷ ಅದನ್ನು ಬದಲಿಸಲು ಸುಲಭಕ್ಕೆ ಬಿಡುತ್ತಿರಲಿಲ್ಲ.

ನಾನು ಅದೇ ಕೆಲಸ ಮಾಡಿದ್ದೆ ನೋಡಿ. ಅಂಕಲ್ ನನ್ನ 'ಐದು ವರ್ಷ' ನಂಬಿದ ಹಾಗೆ, ನಾನು ಅವನ 'ವಾಪಸ್ ಹೋಗ್ತೀನಿ' ಎನ್ನುವುದರ ಹಿಂದೆ ನನ್ನದೇ ಚಿತ್ರ ತುಂಬಿಕೊಂಡಿದ್ದೆ. ಚಾಮುಂಡಿ ಬೆಟ್ಟದ ಕಡೆ ಮನೆ, ಬೆಳಗ್ಗೆ ಫಿಲ್ಟರ್ ಕಾಫಿ, ಪೇಪರ್. ಅದು ನನ್ನ ರಿಟೈರ್‌ಮೆಂಟ್, ಅವನದ್ದಲ್ಲ.

ಅಲ್ಲಿಂದ ಮುಂದೆ ಇಬ್ಬರೂ ಸೇರಿ ಲೆಕ್ಕ ಮಾಡಿದೆವು, ಎರಡು ಭಾನುವಾರ ಹಿಡಿಯಿತು. ಬಹಳ ವರ್ಷ ಹೊರಗಿದ್ದು ಭಾರತಕ್ಕೆ ಮರಳಿದವರಿಗೆ ಮೊದಲ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ, ಆರ್‌ಎನ್‌ಒಆರ್ ಎಂಬ ಸ್ಥಾನ ಸಿಗುತ್ತದೆ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿರಬೇಕು, ಅಥವಾ ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿ ಕಳೆದ ದಿನಗಳು 729 ದಾಟಿರಬಾರದು. ಆ ಅವಧಿಯಲ್ಲಿ ಹೊರದೇಶದ ಆದಾಯಕ್ಕೆ ಬಹುಮಟ್ಟಿಗೆ ಅಲ್ಲಿ ತೆರಿಗೆ ಇಲ್ಲ. ಹಾಗಾದರೆ ಹಣವನ್ನೆಲ್ಲ ಆ ಎರಡು ವರ್ಷದಲ್ಲೇ ತೆಗೆದುಕೊಂಡರೆ? ಭಾರತದ ತೆರಿಗೆ ತಪ್ಪುತ್ತದೆ. ಆದರೆ ಹತ್ತು ವರ್ಷದ ಕಂತು ಅಲ್ಲವಾದ್ದರಿಂದ ಕ್ಯಾಲಿಫೋರ್ನಿಯಾ ಮತ್ತೆ ಬಾಗಿಲು ತಟ್ಟುತ್ತದೆ, ಒಟ್ಟಿಗೆ ಬಂದ ಹಣಕ್ಕೆ ಫೆಡರಲ್ ದರವೂ ಏರುತ್ತದೆ. ಕಂಪನಿಯ ಅಪಾಯ ಮಾತ್ರ ಬಹಳ ಕಡಿಮೆಯಾಗುತ್ತದೆ, ಹದಿನಾಲ್ಕು ವರ್ಷದ ಬದಲು ಆರು ವರ್ಷ. ಇದರಲ್ಲಿ ಯಾವುದು ಮೇಲು ಎನ್ನುವುದು ಅವನ ಕನ್ಸಲ್ಟಿಂಗ್ ಎಷ್ಟು ನಡೆಯುತ್ತದೆ ಎನ್ನುವುದರ ಮೇಲೆ ನಿಂತಿದೆ.

401(ಕೆ) ಬಗ್ಗೆ ಮರಳುವವರಿಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಇದೆ. ಮೊದಲು ಏನಾಗುತ್ತಿತ್ತು ಅಂದರೆ, ಭಾರತ ವರ್ಷ ವರ್ಷದ ಲಾಭಕ್ಕೆ ತೆರಿಗೆ ಕೇಳಬಹುದಿತ್ತು, ಅಮೆರಿಕ ತೆಗೆಯುವಾಗ ಕೇಳುತ್ತಿತ್ತು, ಕ್ರೆಡಿಟ್ ಹೊಂದುತ್ತಿರಲಿಲ್ಲ. 2021ರಲ್ಲಿ ಭಾರತದ ಆದಾಯ ತೆರಿಗೆ ಕಾಯ್ದೆಗೆ 89ಎ ಸೆಕ್ಷನ್ ಸೇರಿಸಿ, ಅಮೆರಿಕ, ಬ್ರಿಟನ್ ಮತ್ತು ಕೆನಡಾದ ನಿವೃತ್ತಿ ಖಾತೆಗಳಿಗೆ ತೆಗೆಯುವ ವರ್ಷವೇ ತೆರಿಗೆ ಅಂತ ಆಯ್ಕೆ ಕೊಟ್ಟರು. ಫಾರಂ 10-ಇಇಯನ್ನು ರಿಟರ್ನಿನ ಕೊನೆಯ ದಿನಾಂಕದೊಳಗೆ ಹಾಕಬೇಕು, ಹಾಕಿದ ಮೇಲೆ ವಾಪಸ್ ಪಡೆಯುವಂತಿಲ್ಲ. ಆದರೆ ಆ ಸೆಕ್ಷನ್ ಹೇಳುವುದು ಹೊರದೇಶದಲ್ಲಿ ತೆಗೆಯುವಾಗ ತೆರಿಗೆ ಬೀಳುವ ಖಾತೆಯ ಬಗ್ಗೆ. ರಾತ್‌ನಲ್ಲಿ ತೆಗೆಯುವಾಗ ತೆರಿಗೆಯೇ ಇಲ್ಲ. ರಾತ್‌ನಲ್ಲಿ ದೊಡ್ಡ ಮೊತ್ತ ಇಟ್ಟುಕೊಂಡು ಮರಳುವವರು ಭಾರತದ ಸಿಎ ಹತ್ತಿರ ಇದೊಂದನ್ನು ಮುಂಚೆಯೇ ಬಿಡಿಸಿ ಕೇಳಿ.

ಹಾಗಾದರೆ ಯಾರ ಮಾತಿಗೂ ತಲೆಬಾಗಬಾರದೆ? ಹಾಗೇನಿಲ್ಲ. ನನ್ನ ಸ್ವಂತ ಹಣದಲ್ಲಿ ಬಹುಪಾಲು ಇಂಡೆಕ್ಸ್ ಫಂಡಿನಲ್ಲಿದೆ. ಹಗಲೆಲ್ಲ ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದಿ ಸಂಬಳ ತೆಗೆದುಕೊಳ್ಳುವವನು, ರಾತ್ರಿ ಮನೆಗೆ ಬಂದು ಮಾರುಕಟ್ಟೆ ಹಾಕಿದ ಬೆಲೆಯೇ ನನ್ನ ಅಂದಾಜಿಗಿಂತ ಮೇಲು ಅಂತ ಒಪ್ಪಿಕೊಳ್ಳುತ್ತೇನೆ. ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಹೂಡಿಕೆದಾರರಿಗಾಗಿ ಅಂಥ ಫಂಡ್ ತೆರೆದಾಗ ಜನ ನಕ್ಕಿದ್ದರು. ಷೇರಿನ ಬೆಲೆಯ ವಿಷಯದಲ್ಲಿ ಲಕ್ಷಾಂತರ ಜನ ಹಣ ಇಟ್ಟು ಹೇಳುವ ಅಭಿಪ್ರಾಯ ಒಂದಿದೆ, ಅದಕ್ಕೆ ತಲೆಬಾಗುವುದರಲ್ಲಿ ನನಗೆ ನಾಚಿಕೆಯಿಲ್ಲ. ತೆರಿಗೆ ನಿಯಮ ಏನು ಎನ್ನುವುದಕ್ಕೆ ಸಿಪಿಎ ಮಾತಿಗೆ, ಪ್ಲಾನ್ ಏನು ಹೇಳುತ್ತದೆ ಎನ್ನುವುದಕ್ಕೆ ಪ್ಲಾನ್ ಡಾಕ್ಯುಮೆಂಟ್‌ಗೆ ತಲೆಬಾಗುತ್ತೇನೆ. ಆದರೆ ನನ್ನ ಗೆಳೆಯ ಐವತ್ತನೇ ವಯಸ್ಸಿನಲ್ಲಿ ಎಲ್ಲಿ ಇರುತ್ತಾನೆ ಎನ್ನುವುದಕ್ಕೆ ಬೆಲೆ ಹಾಕುವ ಮಾರುಕಟ್ಟೆ ಇಲ್ಲ. ಅದನ್ನು ಅವನ ಹೆಂಡತಿಯನ್ನು ಕೇಳಬಹುದು, ನನ್ನನ್ನಲ್ಲ. (ಅವನು ಕೇಳಿರಲಿಲ್ಲ. ಎರಡನೇ ಭಾನುವಾರ ಅವರೂ ಕರೆಗೆ ಬಂದರು, ಅಲ್ಲಿಂದ ಮಾತು ಬೇಗ ಮುಗಿಯಿತು.)

ಇನ್ನೊಂದು ಮಾತು. ಸರಾಸರಿ ಲೆಕ್ಕ ಮುಂದೂಡು ಅಂದರೂ, ಅದು ಎಷ್ಟು ಎಂದು ಹೇಳುವುದಿಲ್ಲ. ಅವನ ಸಂಬಳ ಆ ಕಂಪನಿಯದು. ಆರ್‌ಎಸ್‌ಯು ಆ ಕಂಪನಿಯದು, ಆಸ್ತಿಯಲ್ಲಿ ಅದೇ ಶೇ. 40. ಈಗ ಬೋನಸ್ಸನ್ನೂ ಅದೇ ಕಂಪನಿಗೆ ಸಾಲ ಕೊಡುತ್ತಿದ್ದಾನೆ. ಕೆಟ್ಟ ದಿನ ಬಂದರೆ ಮೂರೂ ಒಟ್ಟಿಗೆ ಬರುತ್ತದೆ. ಮೊದಲು 401(ಕೆ) ಪೂರ್ತಿ ತುಂಬಬೇಕು (2025ಕ್ಕೆ 23,500, 2026ಕ್ಕೆ 24,500 ಡಾಲರ್, 50 ದಾಟಿದವರಿಗೆ ಇನ್ನೂ ಸ್ವಲ್ಪ), ವೆಸ್ಟ್ ಆದ ಷೇರು ಮಾರಬೇಕು, ಆಮೇಲೆ ಇದು. ಹೋದರೆ ಅಮ್ಮನ ಹತ್ತಿರ ಹೋಗುವ ದಿನಾಂಕ ಬದಲಾಗಬಾರದು, ಅಷ್ಟು ಮೊತ್ತ ಮಾತ್ರ ಇದರಲ್ಲಿರಲಿ ಅಂತ ಅವನ ಹೆಂಡತಿ ಹೇಳಿದ ಅಳತೆಯೇ ನಮಗೆ ಸರಿ ಅನ್ನಿಸಿತು.

ಕೊನೆಗೆ ಅವನು ಹಾಕಿದ್ದು ವರ್ಷಕ್ಕೆ 15,000, ಕೆಲಸ ಬಿಟ್ಟ ಮೇಲೆ ಎರಡು ಕಂತಿನಲ್ಲಿ. ನಾನಾಗಿದ್ದರೆ ಸ್ವಲ್ಪ ಹೆಚ್ಚು ಹಾಕುತ್ತಿದ್ದೆ, ಹತ್ತು ವರ್ಷದ ಕಂತನ್ನೇ ಆರಿಸುತ್ತಿದ್ದೆ. ಅದನ್ನು ಹೇಳಿದೆ ಕೂಡ. "ಇರಲಿ ಬಿಡು" ಅಂದ.

ನಿಮಗೂ ಇಂಥ ಫಾರಂ ಬಂದಿದ್ದರೆ, ಕೊನೆಯ ದಿನಾಂಕಕ್ಕೆ ಮೊದಲು ಪ್ಲಾನ್ ಡಾಕ್ಯುಮೆಂಟ್‌ನಲ್ಲಿ ಮೂರು ವಿಷಯ ಹುಡುಕಿ: ಕೆಲಸ ಬಿಟ್ಟ ಮೇಲೆ ಹಣ ಯಾವ ತಿಂಗಳು ಶುರುವಾಗುತ್ತದೆ (ಲಿಸ್ಟೆಡ್ ಕಂಪನಿಯ ಮೇಲ್ಮಟ್ಟದ ಅಧಿಕಾರಿಗಳಿಗೆ ಆರು ತಿಂಗಳ ಕಾಯುವಿಕೆ ಇದೆ), ಕಂಪನಿಯನ್ನು ಇನ್ನೊಬ್ಬರು ಕೊಂಡರೆ ಏನಾಗುತ್ತದೆ, ಮತ್ತು ಹೊರದೇಶದ ವಿಳಾಸಕ್ಕೆ ಕಂತು ಕಳಿಸುತ್ತಾರೋ ಇಲ್ಲವೋ. ಮೂರನೆಯದನ್ನು ಎಚ್‌ಆರ್‌ಗೆ ಇಮೇಲ್ ಮಾಡಿ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಗೆಳೆಯನಿಗೆ ಆ ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.